2238ನೇ ಸಾಲು

ಕಂಪ್ಯೂಟರ್ ಸೈನ್ಸ್ ಓದಿದವರಿಗೆ ಆಪರೇಟಿಂಗ್ ಸಿಸ್ಟಮ್ ಪೇಪರ್ ಮರೆತುಹೋಗಿರಲಿಕ್ಕಿಲ್ಲ. ಬ್ಯಾಂಕರ್ಸ್ ಆಲ್ಗಾರಿದಮ್ ವಿವರಿಸಿ, ಹತ್ತು ಮಾರ್ಕು. ಪೇಜ್ ರಿಪ್ಲೇಸ್‌ಮೆಂಟ್ ಲೆಕ್ಕ, ಇನ್ನೊಂದು ಹತ್ತು. ಐದು ಜನ ತತ್ತ್ವಜ್ಞಾನಿಗಳು ಫೋರ್ಕ್‌ಗಾಗಿ ಕಾಯುತ್ತಾ ಹಸಿದು ಕೂತಿರೋ ಚಿತ್ರ ಬರೆದರೆ ಪಾಸು ಗ್ಯಾರಂಟಿ. ನಾನೂ ಹಾಗೇ ಪಾಸಾದವನು, ಮಾರ್ಕೂ ಚೆನ್ನಾಗೇ ಬಂದಿತ್ತು. ಆದರೆ ಆ ಇಡೀ ಸೆಮಿಸ್ಟರ್‌ನಲ್ಲಿ ನಿಜವಾದ ಒಂದು ಆಪರೇಟಿಂಗ್ ಸಿಸ್ಟಮ್‌ನ ಕೋಡನ್ನು ಒಂದು ಸಾಲಾದರೂ ನಾವ್ಯಾರೂ ಓದಿರಲಿಲ್ಲ. ಅದು ವಿಚಿತ್ರ ಅಂತ ಆಗ ಅನಿಸಲೂ ಇಲ್ಲ. ಇದೇ ಪಾಠವನ್ನು ಪೂರ್ತಿ ಕೋಡ್ ಓದಿಸಿಯೇ ಮಾಡಿದ ಮೇಷ್ಟ್ರೊಬ್ಬರು ಎಪ್ಪತ್ತರ ದಶಕದಲ್ಲೇ ಇದ್ದರು, ಅವರ ಪುಸ್ತಕವನ್ನು ಸುಮಾರು ಇಪ್ಪತ್ತು ವರ್ಷ ಅಂಗಡಿಗೆ ಬರದಂತೆ ತಡೆಯಲಾಗಿತ್ತು ಅಂತ ಗೊತ್ತಾಗಿದ್ದು ಕೆಲಸಕ್ಕೆ ಸೇರಿ ಎಷ್ಟೋ ವರ್ಷಗಳ ಮೇಲೆ.

ಅವರ ಹೆಸರು ಜಾನ್ ಲಯನ್ಸ್. ಸಿಡ್ನಿಯವರು, ಕೇಂಬ್ರಿಡ್ಜ್‌ನಲ್ಲಿ ಡಾಕ್ಟರೇಟ್ ಮಾಡಿ, 1972ರಲ್ಲಿ ನ್ಯೂ ಸೌತ್ ವೇಲ್ಸ್ ವಿಶ್ವವಿದ್ಯಾಲಯಕ್ಕೆ ಪಾಠ ಹೇಳಲು ಸೇರಿದರು. 1974ರ ಜುಲೈನಲ್ಲಿ ಅಮೆರಿಕದ ಬೆಲ್ ಲ್ಯಾಬ್ಸ್‌ನ ಡೆನಿಸ್ ರಿಚಿ ಮತ್ತು ಕೆನ್ ಥಾಂಪ್ಸನ್ ತಾವು ಕಟ್ಟಿದ ಯುನಿಕ್ಸ್ ಬಗ್ಗೆ ಒಂದು ಪ್ರಬಂಧ ಪ್ರಕಟಿಸಿದರು. ಅದನ್ನು ಓದಿದ ಹಲವು ವಿಶ್ವವಿದ್ಯಾಲಯಗಳು ನಮಗೂ ಒಂದು ಪ್ರತಿ ಕೊಡಿ ಅಂತ ಕೇಳಿದವು. ಸಿಡ್ನಿಗೂ ಒಂದು ಬಂತು. ಬೆಲ್ ಲ್ಯಾಬ್ಸ್‌ನ ಯಜಮಾನ ಕಂಪನಿ ಎಟಿ ಅಂಡ್ ಟಿಗೆ 1956ರ ಒಂದು ಕೋರ್ಟ್ ಒಪ್ಪಂದದಿಂದಾಗಿ ಟೆಲಿಫೋನ್ ಬಿಟ್ಟು ಬೇರೆ ವ್ಯಾಪಾರಕ್ಕೆ ಇಳಿಯೋ ಹಾಗಿರಲಿಲ್ಲ. ಹಾಗಾಗಿ ವಿಶ್ವವಿದ್ಯಾಲಯಗಳಿಗೆ ಕಡಿಮೆ ಶುಲ್ಕಕ್ಕೆ, ಸೋರ್ಸ್ ಕೋಡ್ ಸಮೇತ ಕೊಟ್ಟುಬಿಡುತ್ತಿತ್ತು. ಸಪೋರ್ಟ್ ಮಾತ್ರ ಇಲ್ಲ. ಏನಾದರೂ ಕೆಟ್ಟರೆ ನೀವೇ ಕೋಡ್ ಓದಿ ಸರಿಮಾಡಿಕೊಳ್ಳಿ.

ಲಯನ್ಸ್ ಇದನ್ನೇ ಪಠ್ಯ ಮಾಡಿಕೊಂಡರು. 6.602ಬಿ, 6.657ಜಿ ಅನ್ನೋ ನೀರಸ ಹೆಸರಿನ ಎರಡು ಕೋರ್ಸುಗಳಿಗಾಗಿ ಯುನಿಕ್ಸ್ ಆರನೇ ಆವೃತ್ತಿಯ ಕೆರ್ನಲ್ ಕೋಡನ್ನು ಓದಲು ಅನುಕೂಲವಾಗುವಂತೆ ಜೋಡಿಸಿ, ಪ್ರತಿ ಸಾಲಿಗೂ ನಂಬರ್ ಕೊಟ್ಟು ಪ್ರಿಂಟ್ ಹಾಕಿಸಿದರು. ಅದು ಕೆಂಪು ರಟ್ಟಿನ ಪುಸ್ತಕ. ಆ ಕೋಡಿಗೆ ಬರೆದ ವ್ಯಾಖ್ಯಾನ ಕಿತ್ತಳೆ ರಟ್ಟಿನ ಇನ್ನೊಂದು ಪುಸ್ತಕ. 1977ರ ಹೊತ್ತಿಗೆ ಎರಡೂ ಸಿದ್ಧ. ಕೆಂಪು ಪುಸ್ತಕದಲ್ಲಿ ಇದ್ದದ್ದು ಸುಮಾರು 9000 ಸಾಲು, ಅಷ್ಟೇ. ಇವತ್ತಿನ ಲಿನಕ್ಸ್ ಕೆರ್ನಲ್ ಎರಡು ಕೋಟಿ ಸಾಲು ದಾಟಿದೆ, ಅದನ್ನು ಪೂರ್ತಿ ಓದಿದವರು ಒಬ್ಬರೂ ಇರಲಾರರು. ಆದರೆ 9000 ಸಾಲನ್ನು ಒಬ್ಬ ವಿದ್ಯಾರ್ಥಿ ಒಂದು ಸೆಮಿಸ್ಟರ್‌ನಲ್ಲಿ ಓದಿ ಮುಗಿಸಬಹುದು, ಮುಗಿಸಿ ತಲೆಯಲ್ಲಿ ಇಟ್ಟುಕೊಳ್ಳಬಹುದು. ನಮ್ಮಲ್ಲಿ ಸಂಸ್ಕೃತ ಕಾವ್ಯ, ಶಾಸ್ತ್ರಗಳನ್ನು ಮೂಲ ಒಂದು ಕಡೆ, ಟೀಕೆ ಒಂದು ಕಡೆ ಇಟ್ಟು ಪಾಠ ಮಾಡ್ತಾರಲ್ಲ, ಹೆಚ್ಚುಕಮ್ಮಿ ಅದೇ ಕ್ರಮ.

ಒಂದು ಜಾಗ ಮಾತ್ರ ಎಲ್ಲರಿಗೂ ಕಗ್ಗಂಟು. ಕಂಪ್ಯೂಟರ್ ಒಂದು ಪ್ರೋಗ್ರಾಮನ್ನು ಅರ್ಧಕ್ಕೆ ನಿಲ್ಲಿಸಿ ಇನ್ನೊಂದನ್ನು ಓಡಿಸುವ ಜಾಗ ಅದು. ಅಲ್ಲಿ ಒಂದು ಫಂಕ್ಷನ್ ಒಳಗೆ ನಿಂತು ರಿಟರ್ನ್ ಅಂದರೆ, ಬೇರೊಂದು ಫಂಕ್ಷನ್‌ನಿಂದ ಹೊರಗೆ ಬಂದಿರುತ್ತೀರಿ! ಇದರ ಪಕ್ಕದಲ್ಲಿ, 2238ನೇ ಸಾಲಿನಲ್ಲಿ, ಇದು ನಿಮಗೆ ಅರ್ಥವಾಗಬೇಕು ಅಂತೇನೂ ಇಲ್ಲ ಅನ್ನೋ ಅರ್ಥದ ಒಂದು ಕಾಮೆಂಟ್ ಇದೆ. ಓದಿದವರು ಇದನ್ನು ಅಹಂಕಾರ ಅಂದುಕೊಂಡರು. ಟೀ ಶರ್ಟ್ ಮೇಲೂ ಅಚ್ಚಾಯಿತು. ರಿಚಿ ಆಮೇಲೆ ಕೊಟ್ಟ ವಿವರಣೆಯೇ ಬೇರೆ: ಇದು ಪರೀಕ್ಷೆಗೆ ಬರೋದಿಲ್ಲ ಬಿಡಿ ಅನ್ನೋ ಧಾಟಿಯಲ್ಲಿ ಬರೆದದ್ದು, ನಿಜ ಹೇಳಬೇಕೆಂದರೆ ಅಲ್ಲಿ ಏನಾಗುತ್ತಿದೆ ಅಂತ ನಮಗೂ ಸರಿಯಾಗಿ ಗೊತ್ತಿರಲಿಲ್ಲ. ಆ ವಿಧಾನವೇ ಬುಡದಲ್ಲಿ ತಪ್ಪಾಗಿತ್ತು, ಮುಂದೆ ಬದಲಾಯಿಸಿದರು. ಕೋಡ್ ಓದಿಸುವ ಪಾಠದಲ್ಲಿ ನನಗೆ ಇಷ್ಟವಾಗೋದು ಇದೇ. ಬರೆದವನಿಗೂ ಎಲ್ಲಿ ಕೈಕೊಟ್ಟಿತು ಅಂತ ಕಾಣುತ್ತದೆ. ಹತ್ತು ಮಾರ್ಕಿನ ಉತ್ತರದಲ್ಲಿ ಅದು ಎಂದೂ ಕಾಣೋದಿಲ್ಲ.

ಆಮೇಲೆ ಬಂದದ್ದು ವಕೀಲರ ಕಾಲ. ಯುನಿಕ್ಸ್‌ಗೆ ದುಡ್ಡಿನ ಬೆಲೆಯಿದೆ ಅಂತ ಕಂಪನಿಗೆ ಹೊಳೆದಿತ್ತು. 1979ರ ಏಳನೇ ಆವೃತ್ತಿಯ ಲೈಸೆನ್ಸ್‌ನಲ್ಲಿ ಈ ಕೋಡನ್ನು ತರಗತಿಯಲ್ಲಿ ಪಾಠ ಮಾಡುವಂತಿಲ್ಲ ಅಂತ ಷರತ್ತು ಬಂತು. ಲಯನ್ಸ್ ಪುಸ್ತಕ ಲೈಸೆನ್ಸ್ ಇದ್ದವರ ಕೈಗಷ್ಟೇ ಸೀಮಿತವಾಯಿತು. ಬಹುಪಾಲು ಕಾಲೇಜುಗಳು ಸುಲಭದ ದಾರಿ ಹಿಡಿದು ಬರೀ ಥಿಯರಿಗೆ ಇಳಿದವು. ನಮ್ಮ ಬ್ಯಾಂಕರ್ಸ್ ಆಲ್ಗಾರಿದಮ್ಮಿನ ಹತ್ತು ಮಾರ್ಕಿಗೆ ಈ ಷರತ್ತೊಂದೇ ಕಾರಣ ಅಂತ ನಾನು ಹೇಳಲ್ಲ. ಪ್ರಶ್ನೆಪತ್ರಿಕೆ ತೆಗೆಯೋದು, ತಿದ್ದೋದು ಎರಡೂ ಥಿಯರಿಯಲ್ಲಿ ಸಲೀಸು.

ಆದರೆ ಪುಸ್ತಕ ಸಾಯಲಿಲ್ಲ. ಜೆರಾಕ್ಸ್ ಆಯಿತು. ಜೆರಾಕ್ಸಿನ ಜೆರಾಕ್ಸ್, ಅದರ ಮೇಲೊಂದು ಜೆರಾಕ್ಸ್. ಅಕ್ಷರ ಮಸುಕಾಗಿ, ಪುಟ ವಾರೆಯಾಗಿ, ಅಮೆರಿಕ, ಯುರೋಪಿನ ಲ್ಯಾಬುಗಳಲ್ಲಿ ಕೈಯಿಂದ ಕೈಗೆ ಓಡಾಡಿತು. ತಮ್ಮ ಹತ್ತಿರ ಎಷ್ಟನೇ ತಲೆಮಾರಿನ ಪ್ರತಿ ಇದೆ ಅಂತ ಹೇಳಿಕೊಳ್ಳೋದೇ ಒಂದು ಹೆಮ್ಮೆ. ಸೀನಿಯರ್‌ಗಳ ನೋಟ್ಸ್‌ಗಾಗಿ ಕಾಲೇಜಿನ ಎದುರಿನ ಅಂಗಡಿಯಲ್ಲಿ ಕ್ಯೂ ನಿಂತ ನಮಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಆ್ಯಮ್‌ಸ್ಟರ್‌ಡ್ಯಾಮ್‌ನಲ್ಲಿ ಆ್ಯಂಡ್ರೂ ಟ್ಯಾನೆನ್‌ಬಾಮ್ ಅನ್ನೋ ಇನ್ನೊಬ್ಬ ಮೇಷ್ಟ್ರು ಬೇರೆ ದಾರಿ ಹಿಡಿದರು. ಅವರ ಕೋಡ್ ಓದಿಸಬಾರದು ತಾನೆ, ನಾನೇ ಬರೆದು ಓದಿಸ್ತೀನಿ ಅಂತ ಕೂತು, ಎಟಿ ಅಂಡ್ ಟಿಯ ಒಂದು ಸಾಲನ್ನೂ ಬಳಸದೆ ಮಿನಿಕ್ಸ್ ಬರೆದರು. 1987ರಲ್ಲಿ ಸುಮಾರು 12,000 ಸಾಲು ಕೋಡ್ ಸಮೇತ ಪಠ್ಯಪುಸ್ತಕ ಬಂತು. ಹೆಲ್ಸಿಂಕಿ ವಿಶ್ವವಿದ್ಯಾಲಯದ ವಿದ್ಯಾರ್ಥಿ ಲೀನಸ್ ಟೊರ್ವಾಲ್ಡ್ಸ್ ಅದನ್ನು ಓದಿ, 1991ರ ಜನವರಿಯಲ್ಲಿ ಒಂದು 386 ಕಂಪ್ಯೂಟರ್ ಕೊಂಡು, ಆಗಸ್ಟ್ ಹೊತ್ತಿಗೆ ತನ್ನದೇ ಕೆರ್ನಲ್ ಮಾಡುತ್ತಿದ್ದೇನೆ ಅಂತ ಮಿನಿಕ್ಸ್ ಬಳಗಕ್ಕೆ ತಿಳಿಸಿದ. ಮುಂದಿನದು ನಿಮಗೇ ಗೊತ್ತು, ನಿಮ್ಮ ಜೇಬಿನ ಆ್ಯಂಡ್ರಾಯ್ಡ್ ಫೋನಿನಲ್ಲೂ ಅದೇ ಇದೆ. ಮಿನಿಕ್ಸ್‌ಗೆ ಅದು ಸೇರಿಸಿ, ಇದು ಸೇರಿಸಿ ಅಂತ ಜನ ಗಂಟುಬಿದ್ದರೂ ಟ್ಯಾನೆನ್‌ಬಾಮ್ ಒಪ್ಪುತ್ತಿರಲಿಲ್ಲ, ಒಂದು ಸೆಮಿಸ್ಟರ್‌ನಲ್ಲಿ ಓದಿ ಮುಗಿಯಬೇಕಲ್ಲ! 1992ರ ಜಗಳದಲ್ಲಿ ಅವರು ಲೀನಸ್‌ಗೆ ನೀನು ನನ್ನ ವಿದ್ಯಾರ್ಥಿ ಆಗಿದ್ದರೆ ಈ ವಿನ್ಯಾಸಕ್ಕೆ ಒಳ್ಳೇ ಗ್ರೇಡ್ ಸಿಗುತ್ತಿರಲಿಲ್ಲ ಅಂದದ್ದೂ ಉಂಟು. ವಿನ್ಯಾಸದ ಮಾತು ಏನೇ ಇರಲಿ, ಪಾಠ ಕೇಳದ ಹುಡುಗನಿಗೂ ಆ ಪುಸ್ತಕ ಮೇಷ್ಟ್ರಾಗಿತ್ತು.

ಲಯನ್ಸ್ ಪುಸ್ತಕ ಅಧಿಕೃತವಾಗಿ ಅಚ್ಚಾಗಿದ್ದು 1996ರಲ್ಲಿ. ಯುನಿಕ್ಸ್ ಹಕ್ಕು ಅಷ್ಟು ಹೊತ್ತಿಗೆ ಸಾಂತಾ ಕ್ರೂಜ್ ಆಪರೇಷನ್ ಕೈಗೆ ಬಂದಿತ್ತು, ಅವರು ಒಪ್ಪಿದರು. ಲಯನ್ಸ್ ಅನಾರೋಗ್ಯದಿಂದ ಆಗಲೇ ನಿವೃತ್ತರಾಗಿದ್ದರು. 1998ರ ಡಿಸೆಂಬರ್‌ನಲ್ಲಿ ತೀರಿಕೊಂಡರು.

ಎಂಐಟಿಯಲ್ಲಿ 2002ರಲ್ಲಿ ಹೊಸ ಆಪರೇಟಿಂಗ್ ಸಿಸ್ಟಮ್ ಕೋರ್ಸ್ ಶುರುವಾದಾಗ ಮತ್ತೆ ಇದೇ ಪುಸ್ತಕ ಹಿಡಿದರು. ಆದರೆ ಅದರ ಪಿಡಿಪಿ-11 ಮಷೀನು ಯಾವತ್ತೋ ಮೂಲೆಗೆ ಸೇರಿತ್ತು. ಅದಕ್ಕೇ 2006ರಲ್ಲಿ ಅದೇ ಆರನೇ ಆವೃತ್ತಿಯ ಮಾದರಿಯಲ್ಲಿ ಎಕ್ಸ್‌ವಿ6 ಅಂತ ಹೊಸದಾಗಿ ಬರೆದರು. ಯಾರು ಬೇಕಾದರೂ ಇಳಿಸಿಕೊಳ್ಳಬಹುದು. ಐಐಟಿ ಬಾಂಬೆಯ ಪಾಠದಲ್ಲೂ ಇದನ್ನು ಬಳಸಿದ್ದಾರೆ. ಎರಡು ಕಾಲಂ, ಪಕ್ಕದಲ್ಲಿ ಸಾಲಿನ ನಂಬರ್. ಲಯನ್ಸ್ ಹಾಕಿದ ಅದೇ ಚೌಕಟ್ಟು.

ಕಳೆದ ವರ್ಷ ಅದರ ಪಿಡಿಎಫ್ ಪೆನ್‌ಡ್ರೈವ್‌ನಲ್ಲಿ ಹಾಕಿಕೊಂಡು ಮನೆ ಹತ್ತಿರದ ಜೆರಾಕ್ಸ್ ಅಂಗಡಿಗೆ ಹೋದೆ. ನೂರರ ಆಸುಪಾಸು ಪುಟ. "ಪ್ರಾಜೆಕ್ಟ್ ರಿಪೋರ್ಟಾ ಸರ್, ಮಗಂದಾ?" ಅಂದ ಅಂಗಡಿಯ ಹುಡುಗ. ನಂದೇ ಅಂದೆ. ಸ್ಪೈರಲ್ ಬೈಂಡಿಂಗ್‌ಗೆ ಯಾವ ಬಣ್ಣದ ರಟ್ಟು ಹಾಕಲಿ ಅಂತ ಕೇಳಿದ. ಕೆಂಪು ಇದೆಯಾ ನೋಡಪ್ಪ ಅಂದೆ. ಇರಲಿಲ್ಲ, ನೀಲಿ ಹಾಕಿಸಿಕೊಂಡು ಬಂದೆ.