ಪೇಟೆಯ ನಡುವೆ ಒಂದು ಬಾವಿ

ಮಂಗಳೂರಿನ ಹಂಪನಕಟ್ಟೆಯಲ್ಲಿ ಬಸ್ಸಿನಿಂದಿಳಿದು ರಸ್ತೆ ದಾಟಲು ಕಾದು ನಿಂತಿರುವಾಗ, ಆ ಹೆಸರಿನೊಳಗಿನ ‘ಕಟ್ಟೆ’ ಎಲ್ಲಿದೆಯೆಂದು ನೀವು ಎಂದಾದರೂ ಹುಡುಕಿದ್ದುಂಟೇ? ಅಪ್ಪಣ್ಣನೆಂಬ ವೈದ್ಯರೊಬ್ಬರು ಅಲ್ಲಿ ದಾರಿಹೋಕರ ದಾಹ ತಣಿಸುತ್ತಿದ್ದರೆಂದೂ, ‘ಅಪ್ಪಣ್ಣನ ಕಟ್ಟೆ’ ಜನರ ನಾಲಿಗೆಯಲ್ಲಿ ಸವೆದು ಹಂಪನಕಟ್ಟೆಯಾಯಿತೆಂದೂ ಹಿರಿಯರು ಹೇಳುತ್ತಾರೆ. ಇದು ಐತಿಹ್ಯವೇ ಹೊರತು ದಾಖಲೆಯಲ್ಲ. ಆದರೆ 2021ರಲ್ಲಿ ರಸ್ತೆ ಕಾಮಗಾರಿಗಾಗಿ ನೆಲ ಅಗೆದಾಗ ಅದೇ ವೃತ್ತದ ಬಳಿ ಹಳೆಯ ಬಾವಿಯೊಂದು ನಿಜವಾಗಿಯೂ ಕಾಣಿಸಿಕೊಂಡಿತು. ಅದರ ಮೇಲೆ ನಾವು ಅದೆಷ್ಟೋ ವರ್ಷ ನಡೆದಾಡಿದ್ದೆವು.

ಪೇಟೆಯೆಂದೊಡನೆ ನಮಗೆ ಅಂಗಡಿ, ಬ್ಯಾಂಕು, ಬಸ್ಸುಗಳು ನೆನಪಾಗುತ್ತವೆ. ಅಲ್ಲಿ ಜನರು ಮಲಗಿ ಏಳುತ್ತಾರೆ, ಮಕ್ಕಳು ಬೆಳೆಯುತ್ತಾರೆ, ವೃದ್ಧರು ಕೊನೆಯುಸಿರೆಳೆಯುತ್ತಾರೆ ಎಂಬುದು ಅಷ್ಟು ಬೇಗ ಹೊಳೆಯುವುದಿಲ್ಲ. ದಕ್ಷಿಣದಿಂದ ನೇತ್ರಾವತಿ, ಉತ್ತರದಿಂದ ಗುರುಪುರ ನದಿ ಬಂದು ಸೇರುವ ಅಳಿವೆಯ ಒಳಬದಿಯಲ್ಲಿ ಹಳೆಯ ಬಂದರು ಬೆಳೆಯಿತು. ಬಂದರಿನ ಹಿಂದೆ ಗೋದಾಮು, ಅದರ ಹಿಂದೆಯೋ ಮಹಡಿಯ ಮೇಲೋ ಸಂಸಾರ. ರಥಬೀದಿಯಲ್ಲಿಯೂ ಹಾಗೆಯೇ, ಮುಂಬದಿ ವ್ಯಾಪಾರಕ್ಕೆ, ಒಳಬದಿ ಅಡುಗೆಗೆ ಮತ್ತು ದೇವರಿಗೆ. ತುಳುವರಿಗೆ ಈ ಊರು ಕುಡ್ಲ, ಕೊಂಕಣಿಗರಿಗೆ ಕೊಡಿಯಾಲ, ಬ್ಯಾರಿಗಳಿಗೆ ಮೈಕಾಲ. ಇಷ್ಟು ಹೆಸರುಗಳನ್ನು ಹೊತ್ತ ಊರಿನಲ್ಲಿ ಬಂದರಿನ ಮಸೀದಿಯ ಬಾಂಗು, ರಥಬೀದಿಯ ಗಂಟೆ, ಇಗರ್ಜಿಯ ಗಂಟೆ ಇವೆಲ್ಲವೂ ಒಂದೇ ಹಾಸಿಗೆಯಲ್ಲಿ ಮಲಗಿದವನ ಕಿವಿಗೆ ಬೀಳುತ್ತವೆ. ಪಡುಗಾಳಿ ಬೀಸಿದರೆ ದಕ್ಕೆಯ ಒಣಮೀನಿನ ವಾಸನೆಯೂ ಬರುತ್ತದೆ. ಅದನ್ನು ದೂರುವವರು ಹೊರಗಿನಿಂದ ಬಂದವರು ಮಾತ್ರ!

ನಮ್ಮ ಹಿರಿಯರ ಬದುಕೂ ಈ ಪೇಟೆಯ ಸುತ್ತಲೇ ಹೆಣೆದುಕೊಂಡಿತ್ತು. ಪೋರ್ಚುಗೀಸರ ಕಾಲದ ರೊಸಾರಿಯೊ ಇಗರ್ಜಿ 1568ರದು. ಮಿಲಾಗ್ರಿಸ್ 1680ರದು, ಕೆಳದಿಯ ರಾಣಿ ಚೆನ್ನಮ್ಮನ ಆಳ್ವಿಕೆಯ ಕಾಲ. 1784ರಲ್ಲಿ ಟಿಪ್ಪು ಸುಲ್ತಾನನ ಆಜ್ಞೆಯಂತೆ ಕರಾವಳಿಯ ಕೆಥೋಲಿಕರು ಶ್ರೀರಂಗಪಟ್ಟಣಕ್ಕೆ ಸೆರೆಯಾಳುಗಳಾಗಿ ನಡೆದರು, ಇಗರ್ಜಿಗಳು ನೆಲಸಮವಾದವು. 1799ರ ಬಳಿಕ ಬದುಕುಳಿದವರು ಮರಳಿದರು. ಇಂದು ನಾವು ಹಳೆಯದೆಂದು ತೋರಿಸುವ ಎಷ್ಟೋ ಗೋಡೆಗಳು ಹಾಗೆ ಮರಳಿದವರ ಪೀಳಿಗೆಗಳು ಎರಡನೆಯ ಬಾರಿ ಎಬ್ಬಿಸಿದವು.

ಆ ಗೋಡೆಗಳ ಮೇಲೆ ಏರಿದ ಹೆಂಚಿನ ಕಥೆಯನ್ನು ಸ್ವಲ್ಪ ನಿಂತು ಕೇಳಬೇಕು. 1834ರಲ್ಲಿ ಬಂದ ಬಾಸೆಲ್ ಮಿಷನ್‌ನವರು ಬಲ್ಮಠದಲ್ಲಿ ಮುದ್ರಣಾಲಯ ನಡೆಸಿ, 1843ರಲ್ಲಿ ‘ಮಂಗಳೂರ ಸಮಾಚಾರ’ವನ್ನು ಹೊರತಂದುದು ಎಲ್ಲರಿಗೂ ಗೊತ್ತು. ಮತಾಂತರದಿಂದ ಮನೆ, ಕಸುಬು ಕಳೆದುಕೊಂಡವರಿಗೆ ದುಡಿಮೆ ಬೇಕಾಗಿತ್ತು. ನೇಯ್ಗೆಯ ಜೊತೆಗೆ ಹೆಂಚು ಬಂತು. 1865ರಲ್ಲಿ ಜೆಪ್ಪುವಿನಲ್ಲಿ, ನದಿದಂಡೆಯ ಜೇಡಿಮಣ್ಣಿನಿಂದ. ಒಂದರ ತುಟಿ ಇನ್ನೊಂದರ ತೋಡಿನಲ್ಲಿ ಕುಳಿತುಕೊಳ್ಳುವ ಆ ಚಪ್ಪಟೆ ಹೆಂಚು ಬಂದರಿನಿಂದ ಹೊರದೇಶಗಳಿಗೂ ಹೋಯಿತು. ವರ್ಷಕ್ಕೆ 3,500 ಮಿಲಿಮೀಟರಿನ ಆಸುಪಾಸಿನಲ್ಲಿ ಮಳೆ ಸುರಿಯುವ ಊರಿಗೆ ಇದಕ್ಕಿಂತ ತಕ್ಕ ಮಾಡು ಇನ್ನೊಂದಿಲ್ಲ; ಬೇಸಿಗೆಯ ಬಿಸಿಗಾಳಿ ಸಂದುಗಳಿಂದ ಹೊರಹೋಗುತ್ತದೆ. ಆದರೆ ಬೆಕ್ಕೊಂದು ಮಾಡಿನ ಮೇಲೆ ಓಡಿದರೆ ಸಾಕು, ಜೂನಿನಲ್ಲಿ ಚಾವಡಿಯ ನಡುವೆ ಪಾತ್ರೆ ಇಡಬೇಕಾಗುತ್ತದೆ. ಮೇ ತಿಂಗಳಲ್ಲಿ ಮಾಡು ಹತ್ತಿ ಹೆಂಚು ಸರಿಪಡಿಸುವವರು ಈಗ ಸಿಗುವುದೇ ದುರ್ಲಭ. ಹಳೆಯ ಮನೆಯಲ್ಲಿ ಒಂಟಿಯಾಗಿರುವ ಹಿರಿಯರನ್ನು ಕೇಳಿ ನೋಡಿ, ಮನೆ ಮಾರುವ ಮಾತು ಮೊದಲು ಬಂದುದು ಇಂಥದೇ ಒಂದು ಸೋರುವ ರಾತ್ರಿಯಲ್ಲಿ ಎನ್ನುತ್ತಾರೆ.

ಬಾವಿಯ ಮಾತಿಗೆ ಮರಳೋಣ. ಮುರಕಲ್ಲಿನ ನೆಲದಲ್ಲಿ ಮಳೆನೀರು ಇಂಗಿ ಬಾವಿಗೆ ಸೇರುತ್ತದೆ. ಆದುದರಿಂದ ಪೇಟೆಯಲ್ಲಿಯೂ ಮನೆಗೊಂದು ಬಾವಿ. ಕೆಲವೆಡೆ ಪಾಗಾರವೇ ಬಾವಿಯ ನಡುವೆ ಹಾದುಹೋಗಿ, ಆಚೆಯ ಮನೆಯವರೂ ಈಚೆಯವರೂ ಒಂದೇ ನೀರು ಸೇದುವುದನ್ನು ನೀವು ಕಂಡಿರಬಹುದು. ಹಾಗೆಂದು ಹಳೆಯ ಕಾಲವನ್ನು ಹೊಗಳಿ ಕೂರುವಂತಿಲ್ಲ. ಎಲ್ಲ ಬಾವಿಗಳೂ ಎಲ್ಲರಿಗೂ ತೆರೆದಿರಲಿಲ್ಲ. ದಲಿತರಿಗೆ ಶಾಲೆ, ವಸತಿ ಕಲ್ಪಿಸಲು 1897ರಲ್ಲಿ ಇದೇ ಊರಿನಲ್ಲಿ ಸಂಸ್ಥೆ ಕಟ್ಟಿದ ಕುದ್ಮುಲ್ ರಂಗರಾಯರು ಸ್ವಜಾತಿಯವರ ಬಹಿಷ್ಕಾರವನ್ನು ಉಣ್ಣಬೇಕಾಯಿತು. ಅವರ ಹೆಸರಿನ ಪುರಭವನ ಹಂಪನಕಟ್ಟೆಯಿಂದ ಕೂಗಳತೆಯಲ್ಲಿದೆ.

1907ರಲ್ಲಿ ರೈಲು ಬಂತು. 1974ರಲ್ಲಿ ಪಣಂಬೂರಿನ ನವಮಂಗಳೂರು ಬಂದರು ದೊಡ್ಡ ಹಡಗುಗಳನ್ನು ಸೆಳೆದುಕೊಂಡಿತು. ಹಳೆಯ ಬಂದರಿಗೆ ಮೀನುಗಾರಿಕೆ ಮತ್ತು ಲಕ್ಷದ್ವೀಪಕ್ಕೆ ಸರಕೊಯ್ಯುವ ಮಂಜಿಗಳು ಉಳಿದವು. ಆಮೇಲೆ ಕೊಲ್ಲಿ ದೇಶಗಳ ಹಣ, ಬಹುಮಹಡಿ ವಸತಿಗಳು. 1990ರ ದಶಕದಲ್ಲಿ ಕಟ್ಟಡ ಕಾಮಗಾರಿಯ ನಿಂತ ನೀರಿನಿಂದ ಮಲೇರಿಯಾ ಹಬ್ಬಿದಾಗ ತೆರೆದ ಬಾವಿಯೂ ಶಂಕೆಗೆ ಒಳಗಾಯಿತು. ಕೆಲವರು ಅದಕ್ಕೆ ಗಪ್ಪಿ ಮೀನು ಬಿಟ್ಟರು, ಹಲವರು ಸಿಮೆಂಟಿನ ಹಲಗೆ ಮುಚ್ಚಿದರು, ಮತ್ತೆ ಹಲವರು ಮಣ್ಣು ತುಂಬಿಸಿ ಅದರ ಮೇಲೆ ಕಾರು ನಿಲ್ಲಿಸಿದರು. ತುಂಬೆಯಿಂದ ನಳ್ಳಿಯಲ್ಲಿ ನೇತ್ರಾವತಿಯೇ ಮನೆಗೆ ಬರುವಾಗ ಬಾವಿಯೇಕೆ ಎಂದು ಯಾರೂ ಕೇಳಬಹುದು. 2016ರಲ್ಲಿಯೂ 2019ರಲ್ಲಿಯೂ ಮೇ ತಿಂಗಳಲ್ಲಿ ತುಂಬೆಯ ಮಟ್ಟ ಕುಸಿದು ನಳ್ಳಿ ನೀರಿಗೆ ಪಾಳಿ ಬಂತು. ಏಳನೆಯ ಮಹಡಿಯ ಅಡುಗೆಮನೆಗಳು ಟ್ಯಾಂಕರಿನ ದಾರಿ ಕಾಯುತ್ತಿದ್ದಾಗ, ಬಾವಿ ಉಳಿಸಿಕೊಂಡ ಹೆಂಚಿನ ಮನೆಯವರು ರಾಟೆಗೆ ಎಣ್ಣೆ ಬಿಟ್ಟು ನೀರು ಸೇದಿದರು. ನಾಲ್ಕು ದಿನ ನೆರೆಯವರ ಕೊಡಪಾನಗಳೂ ಅಂಗಳಕ್ಕೆ ಬಂದವು.

ನಿಮ್ಮ ತರವಾಡಿನ ಅಥವಾ ಅಜ್ಜಿಮನೆಯ ಬಾವಿಯೊಂದು ಹೀಗೆ ಹಲಗೆಯ ಅಡಿಯಲ್ಲಿದ್ದರೆ, ಅದನ್ನು ತೋಡಿಸಿದವರಾರು, ಯಾವ ಯಾವ ಮನೆಯವರು ಅಲ್ಲಿಗೆ ನೀರಿಗೆ ಬರುತ್ತಿದ್ದರು, ಯಾರಿಗೆ ಬರಲು ಬಿಡುತ್ತಿರಲಿಲ್ಲ ಎಂಬುದನ್ನು ಹಿರಿಯರು ಇರುವಾಗಲೇ ಕೇಳಿ ಬರೆದಿಡಿ. ಹಲಗೆ ಎತ್ತಲು ಇಬ್ಬರು ಸಾಕು. ಮೇ ತಿಂಗಳಿಗೆ ಮೊದಲೇ ಎತ್ತಿದರೆ ಒಳ್ಳೆಯದು.