ಓಡುವ ಗಾಡಿಯ ಬಾಕಿ

ನಾನು ಮುಂಬಯಿಗೆ ಬಂದದ್ದು 1983ರ ಮಳೆಗಾಲದಲ್ಲಿ. ಊರಲ್ಲಿ ಎಲ್ಲರೂ ಅದನ್ನು ಬೊಂಬಾಯಿ ಅನ್ನುತ್ತಿದ್ದ ಕಾಲ. ಬ್ಯಾಂಕಿನಲ್ಲಿ ಗುಮಾಸ್ತನ ಕೆಲಸ, ದಾದರಿನ ಚಾಳಿನಲ್ಲಿ ಸೋದರಮಾವನ ಖೋಲಿಯೊಳಗೆ ಒಂದು ಚಾಪೆಯಷ್ಟು ಜಾಗ. ಮಾವ ಅಲ್ಲೇ ಹತ್ತಿರದ ಒಂದು ಉಡುಪಿ ಹೋಟೆಲಿನ ಗಲ್ಲೆಯಲ್ಲಿ ಕೂರುತ್ತಿದ್ದರು. ಹನ್ನೆರಡನೆಯ ವಯಸ್ಸಿಗೆ ಊರು ಬಿಟ್ಟು ಬಂದು, ಕಪ್ಪು ಬಸಿ ತೊಳೆದು, ರಾತ್ರಿ ಬಾಗಿಲು ಹಾಕಿದ ಮೇಲೆ ಮೇಜುಗಳನ್ನು ಜೋಡಿಸಿ ಅದರ ಮೇಲೇ ಮಲಗಿ, ಕನ್ನಡದ ರಾತ್ರಿ ಶಾಲೆಯಲ್ಲಿ ಓದಿ ಗಲ್ಲೆಗೆ ಏರಿದವರು. ಮುಂಬಯಿಯ ನಮ್ಮವರಲ್ಲಿ ಇಂಥ ಕಥೆ ಮನೆಗೊಂದು ಇದೆ, ಹಾಗಾಗಿ ಬೆಳೆಸುವುದಿಲ್ಲ.

ಬಂದ ದಿನವೇ ಮಾವ ಒಂದು ಕಟ್ಟಳೆ ಹೇಳಿದರು. "ಹಸಿವಾದ್ರೆ ಹೋಟ್ಲಿಗೆ ಬಾ ಮಾರಾಯ, ಎಷ್ಟೊತ್ತಿಗೂ ಬಾ. ಆ ಗಾಡಿಗಳ ಎದುರು ನಿಲ್ಲುವುದು ಬೇಡ." ನಾನು ಹೂಂ ಅಂದೆ. ಒಂದು ವಾರದೊಳಗೆ ದಾದರ್ ನಿಲ್ದಾಣದ ಹೊರಗೆ ಒಂದು ಗಾಡಿಯ ಎದುರು ನಿಂತಿದ್ದೆ.

ಮೊದಲ ವಡಾಪಾವ್ ತಿಂದಾಗ ನನಗೆ ಆಶ್ಚರ್ಯವಾದದ್ದು ಅದರ ಹೊಸತನದಿಂದಲ್ಲ, ಪರಿಚಯದಿಂದ. ಒಳಗಿದ್ದದ್ದು ಮಾವನ ಹೋಟೆಲಿನಲ್ಲೂ ಸಿಗುತ್ತಿದ್ದ ಬಟಾಟೆ ವಡೆಯೇ. ಹೋಟೆಲಿನಲ್ಲಿ ಅದು ಬಸಿಯಲ್ಲಿ ಚಟ್ನಿಯ ಜೊತೆ ಕೂತಿರುತ್ತಿತ್ತು. ಇಲ್ಲಿ ಪಾವಿನೊಳಗೆ ಸೇರಿಕೊಂಡು, ಒಣ ಬೆಳ್ಳುಳ್ಳಿ ಚಟ್ನಿ ಉದುರಿಸಿಕೊಂಡು, ಹಳೇ ಪೇಪರಿನ ಚೂರಿನಲ್ಲಿ ಕೈಗೆ ಬರುತ್ತಿತ್ತು. ಕೂರುವುದು ಬೇಡ, ಕೈ ತೊಳೆಯುವುದು ಬೇಡ. ಲೋಕಲ್ ಬರುವುದರೊಳಗೆ ಮುಗಿಯುತ್ತಿತ್ತು.

ಇದರ ಚರಿತ್ರೆಯನ್ನು ನಾನು ಆಮೇಲೆ ತಿಳಿದುಕೊಂಡೆ. ನಾವು ಕರಾವಳಿಯವರು ಆಲೂಗಡ್ಡೆಗೆ ಬಟಾಟೆ ಅನ್ನುತ್ತೇವೆ, ಮರಾಠಿಯವರು ಬಟಾಟಾ. ಎರಡೂ ಪೋರ್ಚುಗೀಸರಿಂದ ಬಂದ ಮಾತು. ಪಾವ್ ಅನ್ನುವುದೂ ರೊಟ್ಟಿಗೆ ಅವರಿಟ್ಟ ಹೆಸರೇ. ಗೋವಾದ ಬೇಕರಿಯವರು ಅದನ್ನು ಬೊಂಬಾಯಿಗೆ ತಂದರು. ಮೆಣಸಿನಕಾಯಿಯಂತೂ ಅವರ ಹಡಗಿನಲ್ಲೇ ಬಂದು, ನಮ್ಮ ಮೆಣಸಿನ ಹೆಸರನ್ನೇ ಹೊತ್ತುಕೊಂಡು ಇಲ್ಲಿಯದಾಯಿತು. ಹೀಗೆ ಬೇರೆ ಕಡೆಯಿಂದ ಬಂದ ಮೂರು ಸಾಮಾನು ಸೇರಿ ಆದ ತಿಂಡಿ, ಊರಿನ ಸ್ವಂತ ತಿಂಡಿ ಅನ್ನಿಸಿಕೊಂಡಿತು. ಊರು ಬಿಟ್ಟು ಬಂದವರಿಗೆ ಇದರಲ್ಲಿ ಸ್ವಲ್ಪ ಸಮಾಧಾನ ಉಂಟು.

ಪಾವ್ ಭಾಜಿಯ ಹುಟ್ಟಿನ ಬಗ್ಗೆ ಎರಡು ಕಥೆ ಇವೆ. ಒಂದು, ಅದು ಗಿರಣಿ ಕಾರ್ಮಿಕರ ಅವಸರದ ಊಟ ಅನ್ನುವುದು. ಇನ್ನೊಂದು ಹತ್ತಿಯ ಕಥೆ. 1861ರಿಂದ 1865ರವರೆಗೆ ಅಮೆರಿಕದ ಅಂತರ್ಯುದ್ಧ ನಡೆದಾಗ ಇಂಗ್ಲೆಂಡಿನ ಗಿರಣಿಗಳಿಗೆ ಅಲ್ಲಿಂದ ಹತ್ತಿ ಹೋಗುವುದು ನಿಂತು, ಬೊಂಬಾಯಿಯಲ್ಲಿ ಹತ್ತಿಯ ಬೆಲೆ ಮುಗಿಲಿಗೆ ಏರಿತು. ದರದ ಲೆಕ್ಕಾಚಾರದಲ್ಲಿ ತಡರಾತ್ರಿವರೆಗೂ ಕಾಯುತ್ತಿದ್ದ ದಲ್ಲಾಳಿಗಳಿಗೆ ಬೀದಿಯವರು ಉಳಿದ ತರಕಾರಿ ಮಸೆದು ಪಾವಿನ ಜೊತೆ ಕೊಟ್ಟರಂತೆ. ಕಥೆ ಹೇಗೇ ಇರಲಿ, ಆ ಹತ್ತಿಯ ಉಬ್ಬರ ಮಾತ್ರ ನಿಜ. ಅದರಲ್ಲಿ ನಮ್ಮ ಪಾಲೂ ಇತ್ತು: ಧಾರವಾಡ, ಗದಗದ ಎರೆನೆಲದಲ್ಲಿ ಅಮೆರಿಕದ ಬೀಜದಿಂದ ಬೆಳೆದ ಹತ್ತಿ 'ಧಾರವಾಡ-ಅಮೆರಿಕನ್' ಅನ್ನುವ ಹೆಸರಿನಲ್ಲೇ ಬಿಕರಿಯಾಗುತ್ತಿತ್ತು.

ವಡಾಪಾವಿನ ಹುಟ್ಟು ಇಷ್ಟು ಹಳೆಯದಲ್ಲ. 1966ರಲ್ಲಿ ದಾದರ್ ನಿಲ್ದಾಣದ ಹೊರಗೆ ಅಶೋಕ ವೈದ್ಯ ಎಂಬವರು ಮೊದಲು ಮಾರಿದರು ಅನ್ನುವುದು ಎಲ್ಲರೂ ಹೇಳುವ ಮಾತು. ಅದೇ ವರ್ಷ ಜೂನ್ 19ರಂದು ಬಾಳ ಠಾಕರೆಯವರು ಶಿವಸೇನೆ ಕಟ್ಟಿದರು. ಆರಂಭದ ವರ್ಷಗಳಲ್ಲಿ ಸೇನೆಯ ಸಿಟ್ಟು ದಕ್ಷಿಣದಿಂದ ಬಂದವರ ಮೇಲಿತ್ತು. ಉಡುಪಿ ಹೋಟೆಲುಗಳೂ ಅದರಲ್ಲಿ ಸೇರಿದ್ದವು. 'ಬಜಾವ್ ಪುಂಗಿ, ಹಟಾವ್ ಲುಂಗಿ' ಅನ್ನುವ ಘೋಷಣೆ ಆ ಕಾಲದ್ದು. ಮರಾಠಿ ಹುಡುಗರು ಸ್ವಂತ ವ್ಯಾಪಾರ ಮಾಡಬೇಕು, ವಡಾಪಾವಿನ ಗಾಡಿ ಇಡಬೇಕು ಎಂದು ಸೇನೆ ಹುರಿದುಂಬಿಸಿತು. ಇಡ್ಲಿ ದೋಸೆಗೆ ಎದುರಾಗಿ ವಡಾಪಾವ್ ನಿಂತದ್ದು ಹೀಗೆ.

ಮಾವ ಬದುಕಿರುವ ತನಕ ವಡಾಪಾವ್ ಮುಟ್ಟಲಿಲ್ಲ. ಕಾರಣ ಕೇಳಿದರೆ ಯಾರನ್ನೂ ದೂರುತ್ತಿರಲಿಲ್ಲ. "ನಮ್ಮ ಇಡ್ಲಿಗೆ ಎದುರು ನಿಲ್ಲಿಸಿದ ತಿಂಡಿ ಅದು. ನಾನು ತಿಂದ್ರೆ ಗಲ್ಲೆಗೆ ಮರ್ಯಾದೆ ಇಲ್ಲ," ಅಂದು ಚಿಲ್ಲರೆ ಎಣಿಸಲು ತೊಡಗುತ್ತಿದ್ದರು.

1984ರಲ್ಲಿ ಒಂದು ಸಂಜೆ. ಗಾಡಿಯ ಎದುರು ನಿಂತು ಒಂದು ವಡಾಪಾವ್ ತಿಂದು, ಎರಡನೆಯದರಲ್ಲಿ ಅರ್ಧ ಮುಗಿಸಿದ್ದೆ. "ಗಾಡಿ ಆಲೀ!" ಅಂತ ಯಾರೋ ಕೂಗಿದರು. ಮುಂಬಯಿಯಲ್ಲಿ ತಿಂಡಿಯ ಗಾಡಿಗೂ ಗಾಡಿ ಅನ್ನುತ್ತಾರೆ, ಅದನ್ನು ಎತ್ತಿಕೊಂಡು ಹೋಗಲು ಬರುವ ಪಾಲಿಕೆಯ ವಾಹನಕ್ಕೂ ಗಾಡಿ ಅನ್ನುತ್ತಾರೆ. ಕ್ಷಣದಲ್ಲಿ ಸ್ಟೋವ್ ಆರಿತು. ಕಾದ ಎಣ್ಣೆಯ ಬಾಣಲೆಯ ಮೇಲೆ ತಟ್ಟೆ ಮುಚ್ಚಿ, ಆತ ಗಾಡಿಯನ್ನು ತಳ್ಳಿಕೊಂಡು ಓಡಿದ. ಎಣ್ಣೆ ಚೆಲ್ಲಿದ್ದರೆ ಅವನ ಕಾಲು ಉಳಿಯುತ್ತಿರಲಿಲ್ಲ. ಸಾಲಿನಲ್ಲಿದ್ದ ಇತರ ಗಾಡಿಗಳೂ ಸಂದಿಗಳಲ್ಲಿ ಮಾಯವಾದವು. ಕೈಯಲ್ಲಿ ಅರ್ಧ ವಡಾಪಾವ್ ಹಿಡಿದು ನಾನೊಬ್ಬ ಉಳಿದೆ. ದುಡ್ಡು ಕೊಟ್ಟಿರಲಿಲ್ಲ.

ಅಲ್ಲಿಯವರೆಗೆ ಆ ಗಾಡಿ ಚಲಿಸಿದ್ದನ್ನೇ ನಾನು ನೋಡಿರಲಿಲ್ಲ. ನಾಲ್ಕು ಚಕ್ರ ಯಾಕಿವೆ ಅಂತ ಯೋಚಿಸಿಯೂ ಇರಲಿಲ್ಲ. ಊರೆಲ್ಲ ತಿರುಗಿ ಮಾರಲಿಕ್ಕಲ್ಲ, ಓಡಿಹೋಗಲಿಕ್ಕೆ ಅನ್ನುವುದು ಅವತ್ತು ತಿಳಿಯಿತು.

ಖೋಲಿಗೆ ಬಂದಾಗ ಅಂಗಿಯ ಮೇಲಿನ ಚಟ್ನಿಯ ಕಲೆ ಮಾವನ ಕಣ್ಣಿಗೆ ಬಿತ್ತು. ಮುಚ್ಚಿಡಲಾಗದೆ ಎಲ್ಲ ಹೇಳಿದೆ. ಗಾಡಿಯ ಎದುರು ನಿಂತದ್ದಕ್ಕೆ ಬೈಗುಳ ಬರುತ್ತದೆ ಅಂದುಕೊಂಡಿದ್ದೆ.

"ದುಡ್ಡು ಕೊಟ್ಯಾ?" ಅಂದರು.

"ಇಲ್ಲ ಮಾವ, ಅವ ಓಡಿಬಿಟ್ಟ."

"ಓಡಿದ್ದು ಅವ. ತಿಂದದ್ದು ನೀನು. ಹುಡುಕಿ ಕೊಟ್ಟು ಬಾ."

ಹೀಗೆ ಶುರುವಾಯಿತು ನನ್ನ ಗಾಡಿ ಹುಡುಕುವ ಕೆಲಸ. ಮರುದಿನ ಆ ಜಾಗದಲ್ಲಿ ಆತ ಇರಲಿಲ್ಲ. ಪಕ್ಕದವರನ್ನು ಕೇಳಿದೆ, ನನ್ನನ್ನು ಪಾಲಿಕೆಯ ಮನುಷ್ಯ ಅಂದುಕೊಂಡು ಯಾರೂ ಬಾಯಿ ಬಿಡಲಿಲ್ಲ. ಮಾಟುಂಗಾ ಕಡೆ ಹೋದೆ, ಪರೇಲಿಗೆ ಹೋದೆ, ಲಾಲ್‌ಬಾಗಿನ ಗಿರಣಿಗಳ ಗೇಟಿನ ಎದುರು ಸುತ್ತಿದೆ. ಹೋದಲ್ಲೆಲ್ಲ ಸುಮ್ಮನೆ ವಿಚಾರಿಸುವುದು ಸರಿಯಲ್ಲ ಅಂತ ಏನಾದರೂ ತಿಂದೆ. ಭೇಲ್, ಮಿಸಳ್, ಕಾಂದಾ ಭಜಿ, ಮೈಸೂರಿನವರಿಗೇ ಗುರುತು ಹತ್ತದಂಥ 'ಮೈಸೂರು ಮಸಾಲೆ' ದೋಸೆ. ಹಂಚಿನ ಮೇಲೇ ಬೆಣ್ಣೆ, ಟೊಮೆಟೊ, ದೊಣ್ಣೆಮೆಣಸು ಹಾಕಿ ಪಾವ್ ಭಾಜಿಯ ಹಾಗೆ ಮಸೆದು ಕೊಡುತ್ತಿದ್ದರು. ಬಾಕಿ ತೀರಿಸಲು ಹೊರಟವನು ಮುಂಬಯಿಯ ಬೀದಿ ತಿಂಡಿಯನ್ನೆಲ್ಲ ಕಲಿತೆ.

ಒಂಬತ್ತನೆಯ ದಿನ ಆತ ಎಲ್ಫಿನ್‌ಸ್ಟನ್ ರೋಡ್ ನಿಲ್ದಾಣದ ಹತ್ತಿರ ಸಿಕ್ಕಿದ. ಅವನ ಕಥೆ ಅವತ್ತು ಕೇಳಿದೆ. ಗಿರಣಿಯಲ್ಲಿ ಮಗ್ಗದ ಕೆಲಸ ಮಾಡುತ್ತಿದ್ದವನು. 1982ರ ಜನವರಿ 18ರಂದು ದತ್ತಾ ಸಾಮಂತರ ನೇತೃತ್ವದಲ್ಲಿ ಸುಮಾರು ಎರಡೂವರೆ ಲಕ್ಷ ಗಿರಣಿ ಕಾರ್ಮಿಕರು ಮುಷ್ಕರ ಹೂಡಿದರಲ್ಲ, ಅದರಲ್ಲಿ ಇವನೂ ಒಬ್ಬ. ಮುಷ್ಕರ ಗೆಲ್ಲಲಿಲ್ಲ, ಎಷ್ಟೋ ಗಿರಣಿಗಳು ಮತ್ತೆ ಸರಿಯಾಗಿ ತೆರೆಯಲೇ ಇಲ್ಲ. ಹೆಂಡತಿ ವಡೆ ಮಾಡಿಕೊಟ್ಟಳು, ಇವನು ಗಾಡಿ ಹಿಡಿದ. ಗಿರಣಗಾಂವಿನ ಅನೇಕ ಮನೆಗಳಲ್ಲಿ ಆಗ ನಡೆದದ್ದು ಇದೇ.

ನಾನು ಬಾಕಿಯ ಚಿಲ್ಲರೆ ಕೊಟ್ಟಾಗ ನಕ್ಕ. "ಅವತ್ತು ತಿಂದು ಹೋದವರು ಹತ್ತಾರು ಜನ. ತಿರುಗಿ ಬಂದವ ನೀನೊಬ್ಬ," ಅಂದ. ಮಾವ ಕಳಿಸಿದ್ದು ಅಂದೆ. ಮಾವ ಏನು ಮಾಡುತ್ತಾರೆ ಅಂತ ಕೇಳಿದ. ಉಡುಪಿ ಹೋಟೆಲು ಅಂದಾಗ ಒಂದು ಗಳಿಗೆ ಸುಮ್ಮನಾಗಿ, ಬಿಸಿ ವಡಾಪಾವ್ ಒಂದನ್ನು ಕಟ್ಟಿ ಕೈಗಿಟ್ಟ. ದುಡ್ಡು ತೆಗೆದುಕೊಳ್ಳಲಿಲ್ಲ.

ಮಾವ ಅದನ್ನು ತಿನ್ನಲಿಲ್ಲ. ಎಸೆಯಲೂ ಇಲ್ಲ. ಬಸಿ ತೊಳೆಯುವ ಹುಡುಗನನ್ನು ಕರೆದು ಕೊಟ್ಟರು. ಹುಡುಗ ತಿಂದು ಮುಗಿಸುವ ತನಕ ಗಲ್ಲೆಯಿಂದಲೇ ನೋಡುತ್ತಿದ್ದರು.

ಆ ಗಾಡಿಗಳ ಓಟ ಕಾನೂನಿನ ಕಣ್ಣಿಗೆ ಬೀಳಲು ಬಹಳ ಕಾಲ ಹಿಡಿಯಿತು. 1985ರ ಜುಲೈನಲ್ಲಿ ಸುಪ್ರೀಂ ಕೋರ್ಟು ಒಂದು ವಾರದ ಅಂತರದಲ್ಲಿ ಬೊಂಬಾಯಿಯ ಬೀದಿಯ ಬಗ್ಗೆ ಎರಡು ತೀರ್ಪು ಕೊಟ್ಟಿತು. ಓಲ್ಗಾ ಟೆಲಿಸ್ ಮೊಕದ್ದಮೆಯಲ್ಲಿ, ಜೀವಿಸುವ ಹಕ್ಕಿನೊಳಗೆ ಜೀವನೋಪಾಯವೂ ಸೇರಿದೆ ಎಂದಿತು. ಬಾಂಬೆ ಹಾಕರ್ಸ್ ಯೂನಿಯನ್ ಮೊಕದ್ದಮೆಯಲ್ಲಿ ಬೀದಿ ವ್ಯಾಪಾರಿಗೆ ಒಂದು ಮೀಟರ್ ಉದ್ದ ಒಂದು ಮೀಟರ್ ಅಗಲದ ಜಾಗ ಅಂತ ಅಳತೆ ಹಾಕಿತು. ಕೈಗಾಡಿ ಮಾತ್ರ ಇಡಬಾರದೆಂದಿತು. 1989ರಲ್ಲಿ ದೆಹಲಿಯ ಸೋಧನ್ ಸಿಂಗ್ ಮೊಕದ್ದಮೆಯಲ್ಲಿ, ಬೀದಿಯಲ್ಲಿ ವ್ಯಾಪಾರ ಮಾಡುವುದು ಕಟ್ಟುಪಾಡುಗಳಿಗೆ ಒಳಪಟ್ಟ ಮೂಲಭೂತ ಹಕ್ಕು ಎಂದಿತು. ಬೀದಿ ವ್ಯಾಪಾರಿಗಳಿಗೇ ಅಂತ ಸಂಸತ್ತು ಕಾಯ್ದೆ ಮಾಡಿದ್ದು 2014ರಲ್ಲಿ. ಸಮೀಕ್ಷೆ ಮುಗಿದು ಪ್ರಮಾಣಪತ್ರ ಕೊಡುವ ತನಕ ಯಾರನ್ನೂ ಎಬ್ಬಿಸಬಾರದು ಎಂದು ಅದರಲ್ಲಿ ಬರೆದಿದೆ. ದಾದರಿನ ಮೊದಲ ವಡಾಪಾವಿನಿಂದ ಲೆಕ್ಕ ಹಾಕಿದರೆ ನಲವತ್ತೆಂಟು ವರ್ಷ.

ಆದರೆ ಬೀದಿಯಲ್ಲಿ ನಡೆಯುವವರಿಗೂ ಜೀವ ಇದೆಯಲ್ಲ. 2017ರ ಸೆಪ್ಟೆಂಬರ್ 29ರಂದು ಅದೇ ಎಲ್ಫಿನ್‌ಸ್ಟನ್ ರೋಡ್ ನಿಲ್ದಾಣದ ಮೇಲ್ಸೇತುವೆಯಲ್ಲಿ ಕಾಲ್ತುಳಿತವಾಗಿ 23 ಜನ ಸತ್ತರು. ನಾನು ಎಷ್ಟೋ ಸಲ ಹತ್ತಿಳಿದ ಸೇತುವೆ. ಅದೇ ನವೆಂಬರಿನಲ್ಲಿ ಬಾಂಬೆ ಹೈಕೋರ್ಟು ನಿಲ್ದಾಣಗಳ 150 ಮೀಟರಿನೊಳಗೆ ವ್ಯಾಪಾರ ಕೂಡದೆಂದಿತು. ನಿಲ್ದಾಣದ ಬಾಗಿಲಿನಲ್ಲೇ ಹುಟ್ಟಿದ ತಿಂಡಿಗೆ ನಿಲ್ದಾಣದಿಂದ ದೂರ ಹೋಗು ಎಂದಂತಾಯಿತು. ಎರಡೂ ಕಡೆ ನ್ಯಾಯ ಇರುವ ಜಗಳ ಇದು. ಸುಲಭದ ತೀರ್ಮಾನ ನನ್ನ ಹತ್ತಿರ ಇಲ್ಲ.

2021ರಲ್ಲಿ ನಿವೃತ್ತನಾದೆ. ಕೊರೋನಾದ ದಿನಗಳಲ್ಲಿ ಗಾಡಿಗಳಿಲ್ಲದ ಬೀದಿ ನೋಡಿದ್ದ ನನಗೆ, ಯಾರು ತಿರುಗಿ ಬಂದಿದ್ದಾರೆ ನೋಡೋಣ ಅನ್ನಿಸಿತು. ಶನಿವಾರ ಶನಿವಾರ ಹಳೆಯ ಜಾಗಗಳನ್ನು ಹುಡುಕಿಕೊಂಡು ಹೊರಟೆ. ಕೆಲವು ಗಾಡಿಗಳ ಹಿಂದೆ ಮಕ್ಕಳು ನಿಂತಿದ್ದರು. ಕೆಲವು ಜಾಗದಲ್ಲಿ ಗಿರಣಿಯೂ ಇಲ್ಲ, ಗಾಡಿಯೂ ಇಲ್ಲ, ಗಾಜಿನ ಕಟ್ಟಡ ಇದೆ. ನಮ್ಮ ಗಿರಣಿ ಗೆಳೆಯನ ಸುಳಿವು ಯಾವತ್ತೋ ತಪ್ಪಿಹೋಗಿತ್ತು. ಧಾರಾವಿಯ ತಮಿಳರು ಮಾತ್ರ ಮೊದಲಿನ ಹಾಗೇ, ಅಲ್ಯೂಮಿನಿಯಂ ಪಾತ್ರೆಯ ತುಂಬ ಇಡ್ಲಿ ಹೇರಿಕೊಂಡು, ರಬ್ಬರ್ ಹಾರ್ನ್ ಒತ್ತುತ್ತಾ ಬೆಳಗ್ಗೆ ಸೈಕಲ್ಲಿನಲ್ಲಿ ಬರುತ್ತಿದ್ದರು. ಇಡ್ಲಿಯೂ ಬೀದಿಯದೇ ಅಂತ ಮಾವನಿಗೆ ಹೇಳಬೇಕಿತ್ತು. ಅವರು 2008ರಲ್ಲೇ ತೀರಿಹೋದರು.

ನನ್ನ ತಿರುಗಾಟ ನೋಡಿ ಮಗಳು ಒಂದು ಸಂಜೆ ನವಿ ಮುಂಬಯಿಯ ಫುಡ್ ಟ್ರಕ್ಕಿಗೆ ಕರೆದುಕೊಂಡು ಹೋದಳು. ಈ ಟ್ರಕ್ಕಿನ ವಂಶಾವಳಿ ಅಮೆರಿಕದ್ದು. 1866ರಲ್ಲಿ ಟೆಕ್ಸಾಸಿನ ಚಾರ್ಲ್ಸ್ ಗುಡ್‌ನೈಟ್ ದನ ಹೊಡೆಯುವವರಿಗಾಗಿ ಅಡುಗೆಯ ಬಂಡಿ ಮಾಡಿಸಿದ. 1872ರಲ್ಲಿ ಪ್ರಾವಿಡೆನ್ಸಿನ ವಾಲ್ಟರ್ ಸ್ಕಾಟ್ ರಾತ್ರಿಪಾಳಿಯ ಪತ್ರಿಕಾ ನೌಕರರಿಗೆ ಕುದುರೆ ಬಂಡಿಯಿಂದ ತಿಂಡಿ ಮಾರಿದ. 2008ರಲ್ಲಿ ಲಾಸ್ ಏಂಜಲೀಸಿನ ಕೋಗಿ ಟ್ರಕ್ಕು ಇವತ್ತು ಎಲ್ಲಿ ನಿಂತಿದ್ದೇವೆ ಅಂತ ಟ್ವಿಟ್ಟರಿನಲ್ಲಿ ಹೇಳಿದರೆ ಜನ ಬೆನ್ನಟ್ಟಿಕೊಂಡು ಹೋಗುತ್ತಿದ್ದರು. ಅಲ್ಲಿಯೂ ಇಲ್ಲಿಯೂ ಹಸಿವು ಒಂದೇ: ದೂರದಿಂದ ಕೆಲಸಕ್ಕೆ ಬಂದವರದು, ಹೊತ್ತಲ್ಲದ ಹೊತ್ತಿನದು.

ಟ್ರಕ್ಕಿನ ಮೈಮೇಲೆ ಬಣ್ಣದ ದೀಪ, ಕಿಟಕಿಯ ಪಕ್ಕ ಆಹಾರ ಸುರಕ್ಷತೆಯ ಪರವಾನಗಿ ಅಂಟಿಸಿದ್ದರು. ಮೈಸೂರು ಮಸಾಲೆ ದೋಸೆಯನ್ನು ಸುರುಳಿ ಮಾಡಿ, ಚೀಸ್ ತುರಿದು, ಕಾಗದದ ದೋಣಿಯಲ್ಲಿ ಕೊಟ್ಟರು. ಚೆನ್ನಾಗಿತ್ತು, ಸುಳ್ಳು ಯಾಕೆ ಹೇಳಲಿ. ಚಕ್ರಗಳ ಕಡೆ ಕಣ್ಣು ಹೋಯಿತು. ಮುಂದೆ ಹಿಂದೆ ಇಟ್ಟಿಗೆ ಕೊಟ್ಟು ನಿಲ್ಲಿಸಿದ್ದರು. ಎಂಜಿನ್ ಇರುವ ಗಾಡಿ ನೆಮ್ಮದಿಯಾಗಿ ನಿಂತಿತ್ತು.

ದುಡ್ಡು ಕೊಡಲು ಹೋದೆ. "ಆಗಲೇ ಕೊಟ್ಟಾಯ್ತಪ್ಪ, ಇಲ್ಲಿ ಮೊದಲೇ ಕೊಡಬೇಕು," ಅಂದಳು ಮಗಳು, ಮೊಬೈಲ್ ತೋರಿಸುತ್ತಾ.

ಮರಳಿ ಬರುವಾಗ ದಾದರಿನಲ್ಲಿ ಇಳಿದೆ. ನಿಲ್ದಾಣದಿಂದ ಒಂದಷ್ಟು ದೂರ ಒಂದು ಗಾಡಿ ಇತ್ತು. ಹೊಟ್ಟೆಯಲ್ಲಿ ಜಾಗ ಇರಲಿಲ್ಲ, ಆದರೂ ಒಂದು ವಡಾಪಾವ್ ಕೇಳಿದೆ. ಹುಡುಗ ಮೊದಲು ತಿಂಡಿ ಕೊಟ್ಟ. ದುಡ್ಡು ಚಾಚಿದರೆ, "ತಿನ್ನಿ ಕಾಕಾ, ಆಮೇಲೆ ಕೊಡಿ," ಅಂದ. ನಾನು ದುಡ್ಡನ್ನು ಗಾಡಿಯ ಮೇಲಿಟ್ಟು, ಆಮೇಲೆ ತಿಂದೆ.