ಅಮ್ಮನ ಬಳೆ, ದೇಶದ ಚಿನ್ನ

ಪೆಟ್ರೋಲ್ ರೇಟು ಏರಿದಾಗಲೆಲ್ಲ ಆಫೀಸಿನಲ್ಲಿ ನಾವು ಬೈಕಿನ ಮೈಲೇಜ್ ಲೆಕ್ಕ ಹಾಕ್ತೇವೆ. ಬಂಟ್ವಾಳ ತಾಲೂಕಿನ ಸಿದ್ದಕಟ್ಟೆಯ ಮನೆಯಲ್ಲಿ ಅಮ್ಮನಿಗೆ ನೆನಪಾಗುವುದು 1990.

ಆಗ ನಾನು ತೊಟ್ಟಿಲ ಕೂಸು. ಮಾವ ಕುವೈತಿನಲ್ಲಿದ್ದರು. ಆಗಸ್ಟ್ 2ರಂದು ಇರಾಕ್ ಸೇನೆ ಅಲ್ಲಿಗೆ ನುಗ್ಗಿತು. ಬ್ಯಾರೆಲ್ಲಿಗೆ 17 ಡಾಲರ್ ಆಸುಪಾಸಿನಲ್ಲಿದ್ದ ಕಚ್ಚಾತೈಲ ಅಕ್ಟೋಬರ್ ಹೊತ್ತಿಗೆ 35 ದಾಟಿತು. ದೇಶಕ್ಕೆ ಬಿದ್ದದ್ದು ಎರಡು ಪೆಟ್ಟು: ಎಣ್ಣೆಗೆ ಕೊಡುವ ಡಾಲರ್ ಹೆಚ್ಚಿತು, ಕುವೈತ್-ಇರಾಕಿನಿಂದ ಬರುತ್ತಿದ್ದ ಡಾಲರ್ ನಿಂತಿತು. 1.7 ಲಕ್ಷಕ್ಕೂ ಹೆಚ್ಚು ಭಾರತೀಯರು ವಿಮಾನದಲ್ಲಿ ಮರಳಿದರು. ಮಾವನೂ ಒಂದೇ ಬ್ಯಾಗ್ ಹಿಡಿದು ಬಂದರು. ಅವರ ಡ್ರಾಫ್ಟ್ ನಂಬಿ ಬೆಳ್ತಂಗಡಿಯ ವೇಣೂರಿನಲ್ಲಿ ಕಟ್ಟುತ್ತಿದ್ದ ಅಜ್ಜಿಮನೆ ಅರ್ಧಕ್ಕೆ ನಿಂತಿತು. ಅದರ ಮಾಡಿಗಾಗಿ ಅಮ್ಮ ಎರಡು ಬಳೆಯನ್ನು ಮೂಡುಬಿದಿರೆಯಲ್ಲಿ ಅಡವಿಟ್ಟರು.

ದೇಶ ಮಾಡಿದ್ದೂ ಅದನ್ನೇ ಮಾರಾಯ್ರೆ! ಮೊದಲೇ ಸಾಲದಲ್ಲಿದ್ದ ಸರ್ಕಾರಕ್ಕೆ ಎಣ್ಣೆಯ ಹೊಡೆತ ತಾಳಲಾಗಲಿಲ್ಲ. 1991ರ ಜೂನ್‌ನಲ್ಲಿ ಉಳಿದಿದ್ದ ವಿದೇಶಿ ವಿನಿಮಯ ಎರಡು-ಮೂರು ವಾರದ ಆಮದಿಗಷ್ಟೇ ಸಾಕಿತ್ತು. ಜುಲೈಯಲ್ಲಿ ರಿಸರ್ವ್ ಬ್ಯಾಂಕ್ ಸುಮಾರು 47 ಟನ್ ಚಿನ್ನ ಅಡವಿಟ್ಟು ಬ್ಯಾಂಕ್ ಆಫ್ ಇಂಗ್ಲೆಂಡ್, ಬ್ಯಾಂಕ್ ಆಫ್ ಜಪಾನ್‌ಗಳಿಂದ 40 ಕೋಟಿ ಡಾಲರ್ ಸಾಲ ಎತ್ತಿತು. ಅದೇ ತಿಂಗಳು ಎರಡು ಸಲ ರೂಪಾಯಿಯ ಬೆಲೆ ಇಳಿಸಿದರು. ಬೆನ್ನಿಗೇ ಉದಾರೀಕರಣ ಬಂತು. ನನ್ನಂಥ ಹಳ್ಳಿ ಹುಡುಗರ ಐಟಿ ಕೆಲಸಕ್ಕೆ ದಾರಿಯಾದದ್ದೂ ಅದೇ.

ದೇಶ ತನ್ನ ಚಿನ್ನ ಬಿಡಿಸಿಕೊಂಡಿತು. ಅಮ್ಮನ ಬಳೆ ವಾಪಸು ಬರಲಿಲ್ಲ. ಮೊನ್ನೆ, "ಹೊಸದು ಮಾಡಿಸ್ಲಾ?" ಅಂತ ಕೇಳಿದೆ.

"ಮಾಡಿಸು ಮಗಾ, ಇನ್ನೊಮ್ಮೆ ಅಡವಿಡ್ಲಿಕ್ಕೆ ಆಗ್ತದೆ" ಅಂದರು.